ಕಲ್ಲು ಮಾಯ, ನೀರು ಪ್ರತ್ಯಕ್ಷ: ಕೆಜಿಎಫ್ ದಿಬ್ಬಗಳಿಗೆ ನ್ಯೂಟ್ರಾನ್ ಕಣ್ಣು ಯಾಕೆ ಬೇಕು?

ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮಾತು ಬಂದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ. ಅದರಲ್ಲಿ ಇನ್ನೂ ಎಷ್ಟು ಚಿನ್ನ ಉಳಿದಿದೆ? ಅದನ್ನು ತೆಗೆಯೋರು ಯಾರು? ಮೂರನೇ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ. ಆ ಬೂದು ಪುಡಿಯೊಳಗೆ ಒಂದು ಗಿಡದ ಬೇರು ಇಳಿದರೆ, ಅಲ್ಲಿ ಅದಕ್ಕೆ ಏನಾಗುತ್ತದೆ?

ಇದು ಬರೀ ಸಸ್ಯಶಾಸ್ತ್ರದವರ ಕುತೂಹಲದ ಪ್ರಶ್ನೆ ಅಲ್ಲ. ಆಷಾಢದ ಗಾಳಿ ಬೀಸಿದಾಗ ದಿಬ್ಬದ ಧೂಳು ಊರ ಮೇಲೆ ಬರುವುದನ್ನು ತಡೆಯಲು ಇರುವ ಅಗ್ಗದ ದಾರಿ ಹಸಿರು ಹೊದಿಕೆ. ಆ ಹೊದಿಕೆ ನಿಲ್ಲುವುದೂ ಒಣಗಿ ಹೋಗುವುದೂ ಬೇರಿನ ಮೇಲೆ. ಬೇರು ಮಣ್ಣೊಳಗಿದೆ, ಕಾಣಲ್ಲ. ಕಿತ್ತು ನೋಡಬಹುದು ನಿಜ, ಆದರೆ ಕಿತ್ತ ಬೇರು ನೀರು ಕುಡಿಯುವುದಿಲ್ಲ. ನಮಗೆ ನೋಡಬೇಕಿರುವುದೇ ಅದು ನೀರು ಕುಡಿಯುವುದನ್ನು.

ಮಣ್ಣು ಕದಲಿಸದೆ, ಗಿಡ ಕೀಳದೆ, ಬೇರಿನೊಳಗೆ ನೀರು ಏರುವುದನ್ನು ನಿಮಿಷ ನಿಮಿಷಕ್ಕೂ ಚಿತ್ರ ತೆಗೆಯುವ ವಿಧಾನವೊಂದು ಜಗತ್ತಿನಲ್ಲಿದೆ. ಹೆಸರು ನ್ಯೂಟ್ರಾನ್ ಇಮೇಜಿಂಗ್. ಅದಕ್ಕೆ ಬೇಕಾದ ಯಂತ್ರಗಳು ಭಾರತದಲ್ಲೂ ಇವೆ. ಒಂದಂತೂ ಕೆಜಿಎಫ್‌ನಿಂದ ನೇರ ಗೆರೆ ಎಳೆದರೆ ಸುಮಾರು 210 ಕಿ.ಮೀ. ದೂರದಲ್ಲಿದೆ. ಈ ವಿಧಾನ ಏನು, ಜೀವಿಗಳ ವಿಷಯದಲ್ಲಿ ಏನು ಮಾಡಬಲ್ಲದು, ಏನು ಮಾಡಲಾರದು, ನಮ್ಮ ಕೋಲಾರ ಜಿಲ್ಲೆಗೆ ಇದರಿಂದ ಏನು ಪ್ರಯೋಜನ ಅನ್ನುವುದನ್ನು ಒಂದೇ ಕಡೆ ಇಡುವುದು ಈ ಬರಹದ ಉದ್ದೇಶ.

ಮೊದಲಿಗೆ: ನ್ಯೂಟ್ರಾನೋ, ನ್ಯೂಟ್ರಿನೋನೋ?

ಕೆಜಿಎಫ್ ಮತ್ತು ಕಣ ವಿಜ್ಞಾನ ಅಂದ ತಕ್ಷಣ ತಿಳಿದವರಿಗೆ ನೆನಪಾಗುವುದು ನ್ಯೂಟ್ರಿನೋ. ಹೆಸರು ಹತ್ತಿರ ಇರುವುದರಿಂದ ಎರಡೂ ಒಂದೇ ಅಂದುಕೊಳ್ಳುವವರು ಬಹಳ. ಆದ್ದರಿಂದ ಇದನ್ನು ಮೊದಲೇ ಬಿಡಿಸಿಬಿಡೋಣ.

1950ರ ದಶಕದ ಆರಂಭದಲ್ಲೇ ಹೋಮಿ ಭಾಭಾ ಅವರ ಟಿಐಎಫ್ಆರ್ ಸಂಸ್ಥೆ ಕೋಲಾರದ ಗಣಿಯೊಳಗೆ ಕಾಸ್ಮಿಕ್ ಕಿರಣಗಳನ್ನು ಅಳೆಯಲು ಶುರು ಮಾಡಿತ್ತು. ಹಾಗೆ ಗಣಿಗೆ ಇಳಿದವರಲ್ಲಿ ಮೊದಲಿಗರು ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್. ಮುಂದೆ ಅವರೇ ಆ ಸಂಸ್ಥೆಯ ನಿರ್ದೇಶಕರೂ ಆದರು. ಕಾಸ್ಮಿಕ್ ಕಿರಣಗಳಲ್ಲಿನ ಮ್ಯೂಯಾನ್ ಎಂಬ ಕಣಗಳು ಕಲ್ಲನ್ನು ತೂರಿ ಬರುತ್ತವೆ. ಆಳಕ್ಕೆ ಹೋದಷ್ಟೂ ಅವು ಕಡಿಮೆ. ಅತಿ ಆಳದ ಮಟ್ಟದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಯಾನ್ ಸಿಗಲಿಲ್ಲ. ಅಷ್ಟು ನಿಶ್ಶಬ್ದವಾದ ಜಾಗ ಅದು. ಆ ನಿಶ್ಶಬ್ದದಲ್ಲೇ, 1965ರಲ್ಲಿ, ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಟಿಐಎಫ್ಆರ್, ಜಪಾನಿನ ಒಸಾಕಾ ಮತ್ತು ಬ್ರಿಟನ್ನಿನ ಡರ್ಹಾಮ್ ವಿಶ್ವವಿದ್ಯಾಲಯಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಗುರುತನ್ನು ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಫ್ರೆಡರಿಕ್ ರೈನ್ಸ್ ತಂಡಕ್ಕೂ ಇದೇ ಫಲ ಸಿಕ್ಕಿತು. 1980ರ ದಶಕದಲ್ಲಿ ಪ್ರೋಟಾನ್ ಒಡೆಯುತ್ತದೆಯೇ ಎಂದು ಹುಡುಕುವ ಪ್ರಯೋಗವೂ ಇಲ್ಲೇ ನಡೆಯಿತು.

ನ್ಯೂಟ್ರಿನೋ ಭೂಮಿಯನ್ನೇ ತೂರಿ ಹೋಗುತ್ತದೆ, ಯಾವುದಕ್ಕೂ ತಾಗುವುದಿಲ್ಲ ಅನ್ನುವಷ್ಟು ಕಡಿಮೆ ತಾಗುತ್ತದೆ. ಹಾಗಾಗಿ ಅದರಿಂದ ಗಿಡದ ಫೋಟೋ ತೆಗೆಯಲು ಆಗಲ್ಲ. ನ್ಯೂಟ್ರಾನ್ ಬೇರೆಯೇ ಜಾತಿ. 1932ರಲ್ಲಿ ಜೇಮ್ಸ್ ಚಾಡ್‌ವಿಕ್ ಕಂಡುಹಿಡಿದ ಈ ಕಣ ಪರಮಾಣುವಿನ ನ್ಯೂಕ್ಲಿಯಸ್ಸಿನೊಳಗೆ ಪ್ರೋಟಾನ್ ಜೊತೆ ಕೂತಿರುತ್ತದೆ. ಇದಕ್ಕೆ ವಿದ್ಯುದಂಶ ಇಲ್ಲ. ಆ ಒಂದು ಗುಣದಿಂದಲೇ ಮುಂದಿನ ಕಥೆಯೆಲ್ಲ ಹುಟ್ಟುತ್ತದೆ.

ಎಕ್ಸ್-ರೇಗೆ ಕಾಣದ್ದು ನ್ಯೂಟ್ರಾನ್‌ಗೆ ಹೇಗೆ ಕಾಣುತ್ತದೆ?

ಎಕ್ಸ್-ರೇ ತಡೆಯುವುದು ಎಲೆಕ್ಟ್ರಾನ್‌ಗಳು. ಪರಮಾಣುವಿನಲ್ಲಿ ಎಲೆಕ್ಟ್ರಾನ್ ಹೆಚ್ಚಿದ್ದಷ್ಟೂ ತಡೆ ಹೆಚ್ಚು. ಅದಕ್ಕೇ ಮೂಳೆಯ ಕ್ಯಾಲ್ಸಿಯಂ ಬೆಳ್ಳಗೆ ಕಾಣುತ್ತದೆ, ಎಕ್ಸ್-ರೇ ಕೋಣೆಯ ಬಾಗಿಲಿಗೆ ಸೀಸದ ಹಾಳೆ ಹೊದಿಸುತ್ತಾರೆ. ಒಂದೇ ಎಲೆಕ್ಟ್ರಾನ್ ಇರುವ ಹೈಡ್ರೋಜನ್ ಎಕ್ಸ್-ರೇ ಕಣ್ಣಿಗೆ ಇದ್ದೂ ಇಲ್ಲದ ಹಾಗೆ.

ನ್ಯೂಟ್ರಾನ್‌ಗೆ ವಿದ್ಯುದಂಶ ಇಲ್ಲದ್ದರಿಂದ ಎಲೆಕ್ಟ್ರಾನ್ ಮೋಡವನ್ನು ಅದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ನೇರವಾಗಿ ನ್ಯೂಕ್ಲಿಯಸ್ಸಿಗೆ ಹೋಗಿ ತಾಗುತ್ತದೆ. ಯಾವ ನ್ಯೂಕ್ಲಿಯಸ್ ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಪರಮಾಣು ಸಂಖ್ಯೆಯ ಜೊತೆ ಸಾಲಾದ ನಿಯಮ ಇಲ್ಲ. ಹೈಡ್ರೋಜನ್ ತುಂಬಾ ತಡೆಯುತ್ತದೆ. ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಕಡಿಮೆ ತಡೆಯುತ್ತವೆ. ಸೀಸ ಕೂಡ ಅಷ್ಟೇನೂ ತಡೆಯುವುದಿಲ್ಲ. ಬೋರಾನ್, ಕ್ಯಾಡ್ಮಿಯಂ, ಗ್ಯಾಡೊಲಿನಿಯಂ ನ್ಯೂಟ್ರಾನ್‌ಗಳನ್ನು ನುಂಗಿಯೇ ಬಿಡುತ್ತವೆ.

ಅಂಕಿಯಲ್ಲಿ ಹೇಳುವುದಾದರೆ, ನಿಧಾನಗತಿಯ ನ್ಯೂಟ್ರಾನ್ ಕಿರಣವೊಂದು ಬರೀ 2 ಮಿ.ಮೀ. ನೀರು ದಾಟುವಷ್ಟರಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದೇ ಕಿರಣವನ್ನು ಅರ್ಧಕ್ಕೆ ಇಳಿಸಲು ಸುಮಾರು 2 ಸೆಂ.ಮೀ. ಸೀಸ ಬೇಕು. ನೀರು ಸೀಸಕ್ಕಿಂತ ಹತ್ತು ಪಟ್ಟು ಗಟ್ಟಿ ಗೋಡೆ! ಅಮೆರಿಕದ ಎನ್ಐಎಸ್‌ಟಿ ಸಂಸ್ಥೆ ಸೀಸದ ಪಾತ್ರೆಯೊಳಗೆ ಲಿಲ್ಲಿ ಹೂವಿಟ್ಟು ತೆಗೆದ ನ್ಯೂಟ್ರಾನ್ ಚಿತ್ರ ಪ್ರಸಿದ್ಧ. ಅದರಲ್ಲಿ ಪಾತ್ರೆ ತೆಳ್ಳಗಿನ ನೆರಳು, ಹೂವು ಎಸಳು ಎಸಳಾಗಿ ಸ್ಪಷ್ಟ.

ಇದನ್ನೇ ಮಣ್ಣಿಗೆ ಹಚ್ಚಿ ನೋಡಿ. ಮಣ್ಣು ಅಂದರೆ ಬಹುಪಾಲು ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ. ಬೇರು ಅಂದರೆ ಬಹುಪಾಲು ನೀರು. ನ್ಯೂಟ್ರಾನ್ ಕಣ್ಣಿಗೆ ಮಣ್ಣು ತೆಳು ಪರದೆ, ಬೇರು ಅದರ ಮೇಲೆ ಎಳೆದ ಕಪ್ಪು ಗೆರೆ.

ಇಷ್ಟಕ್ಕೆ ಮುಗಿಯಲಿಲ್ಲ. ಹೈಡ್ರೋಜನ್‌ಗೆ ಡ್ಯೂಟೀರಿಯಂ ಎಂಬ ಅಣ್ಣನಿದ್ದಾನೆ. ರಾಸಾಯನಿಕವಾಗಿ ಹೆಚ್ಚುಕಡಿಮೆ ಅದೇ, ನ್ಯೂಕ್ಲಿಯಸ್ಸಿನಲ್ಲಿ ಒಂದು ನ್ಯೂಟ್ರಾನ್ ಹೆಚ್ಚು. ಡ್ಯೂಟೀರಿಯಂ ಇರುವ ನೀರೇ ಭಾರಜಲ. ಮಾಮೂಲಿ ನೀರು ತಡೆಯುವುದರ ಸುಮಾರು ಆರನೇ ಒಂದು ಪಾಲು ಮಾತ್ರ ಭಾರಜಲ ತಡೆಯುತ್ತದೆ. ಅಂದರೆ ಗಿಡಕ್ಕೆ ಎರಡೂ ನೀರೇ, ಕ್ಯಾಮೆರಾಗೆ ಮಾತ್ರ ಎರಡು ಬೇರೆ ಬಣ್ಣ. ಬೇರಿನ ಒಂದು ಕಡೆ ಭಾರಜಲ ಹನಿಸಿದರೆ ಅದು ಎಲ್ಲಿಂದ ಒಳಗೆ ನುಗ್ಗಿತು, ಎಷ್ಟು ಬೇಗ ಮೇಲೇರಿತು ಅನ್ನುವುದೆಲ್ಲ ಚಿತ್ರದಲ್ಲಿ ಬಿಳುಪಾಗುತ್ತಾ ಹೋಗುವ ಗೆರೆಯಾಗಿ ಕಾಣುತ್ತದೆ. ಭಾರಜಲ ಹೆಚ್ಚು ಕಾಲ ಕುಡಿಸಿದರೆ ಗಿಡದ ಬೆಳವಣಿಗೆ ಕುಂಠಿತ ಆಗುತ್ತದೆ. ಕೆಲವು ಗಂಟೆಗಳ ಪ್ರಯೋಗಕ್ಕೆ ಅಡ್ಡಿಯಿಲ್ಲ.

ಚಿತ್ರ ಮೂಡುವುದು ಹೀಗೆ

ಆಸ್ಪತ್ರೆಯ ಎಕ್ಸ್-ರೇ ಟ್ಯೂಬಿನಂತೆ ಗೋಡೆಗೆ ಪ್ಲಗ್ ಹಾಕಿ ನ್ಯೂಟ್ರಾನ್ ಹುಟ್ಟಿಸುವುದು ಸುಲಭವಲ್ಲ. ಒಳ್ಳೆಯ ಚಿತ್ರಕ್ಕೆ ಬೇಕಾಗುವಷ್ಟು ನ್ಯೂಟ್ರಾನ್ ಸಿಗುವುದು ಎರಡು ಕಡೆ. ಒಂದು, ಸಂಶೋಧನಾ ರಿಯಾಕ್ಟರ್. ಇನ್ನೊಂದು, ಪ್ರೋಟಾನ್‌ಗಳನ್ನು ವೇಗವಾಗಿ ಓಡಿಸಿ ಸೀಸದಂಥ ಭಾರ ಲೋಹಕ್ಕೆ ಬಡಿಸುವ ಆಕ್ಸಿಲರೇಟರ್. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯದು ಎರಡನೇ ಬಗೆ.

ರಿಯಾಕ್ಟರಿನಿಂದ ಒಂದು ಉದ್ದನೆಯ ಕೊಳವೆಯ ಮೂಲಕ ಕಿರಣವನ್ನು ಹೊರತರುತ್ತಾರೆ. ಕೊಳವೆ ಉದ್ದವಾಗಿ, ಬಾಯಿ ಚಿಕ್ಕದಾಗಿ ಇದ್ದಷ್ಟೂ ಚಿತ್ರ ಚೂಪು, ಆದರೆ ನ್ಯೂಟ್ರಾನ್ ಕಡಿಮೆ. ಕಿರಣದ ದಾರಿಯಲ್ಲಿ ಗಿಡದ ಡಬ್ಬಿ. ಅದರ ಹಿಂದೆ ಲಿಥಿಯಂ ಬೆರೆತ ಒಂದು ಪರದೆ. ನ್ಯೂಟ್ರಾನ್ ತಾಗಿದ ಕಡೆ ಅದು ಮಿನುಗುತ್ತದೆ. ಆ ಬೆಳಕನ್ನು 45 ಡಿಗ್ರಿ ಓರೆಯ ಕನ್ನಡಿ ಪಕ್ಕಕ್ಕೆ ತಿರುಗಿಸುತ್ತದೆ, ಅಲ್ಲಿ ತಣ್ಣಗಿಟ್ಟ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಕನ್ನಡಿ ಯಾಕೆ ಅಂದರೆ, ಕ್ಯಾಮೆರಾವನ್ನು ಕಿರಣದ ನೇರಕ್ಕೆ ಇಟ್ಟರೆ ವಿಕಿರಣಕ್ಕೆ ಅದು ಹಾಳಾಗುತ್ತದೆ. ಡಬ್ಬಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಕೆಲವು ನೂರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಹೊಲಿದರೆ ಮೂರು ಆಯಾಮದ ರೂಪ ಸಿಗುತ್ತದೆ, ಆಸ್ಪತ್ರೆಯ ಸಿಟಿ ಸ್ಕ್ಯಾನ್ ಹಾಗೆ.

ಒಂದು ಚಿತ್ರಕ್ಕೆ ಕೆಲವು ಸೆಕೆಂಡಿನಿಂದ ಕೆಲವು ನಿಮಿಷ ಹಿಡಿಯುತ್ತದೆ. ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್‌ವರೆಗಿನ ವಿವರ ಸಿಗುತ್ತದೆ, ಅಂದರೆ ಒಂದು ತಲೆಕೂದಲಿನ ದಪ್ಪ. ಬೇರು, ಉಪಬೇರು ಕಾಣುತ್ತವೆ. ಅವುಗಳ ಮೇಲಿನ ಸೂಕ್ಷ್ಮ ರೋಮ ಕಾಣಲ್ಲ.

ಈ ವಿದ್ಯೆಗೆ ವಯಸ್ಸಾಗಿದೆ. 1930ರ ದಶಕದ ಉತ್ತರಾರ್ಧದಲ್ಲಿ ಬರ್ಲಿನ್ನಿನಲ್ಲಿ ಕಾಲ್‌ಮನ್ ಮತ್ತು ಕೂನ್ ಮೊದಲ ನ್ಯೂಟ್ರಾನ್ ಚಿತ್ರಗಳನ್ನು ತೆಗೆದರು. 1950ರ ದಶಕದಲ್ಲಿ ಬ್ರಿಟನ್ನಿನ ಹಾರ್ವೆಲ್ ರಿಯಾಕ್ಟರಿನಲ್ಲಿ ಗುಣಮಟ್ಟ ಸುಧಾರಿಸಿತು. ಮುಂದಿನ ಹಲವು ದಶಕ ಇದು ಹೆಚ್ಚಾಗಿ ಎಂಜಿನಿಯರುಗಳ ಕೈಯಲ್ಲೇ ಇತ್ತು. ಟರ್ಬೈನ್ ಬ್ಲೇಡು, ಸ್ಫೋಟಕ ತುಂಬಿದ ಬಿಡಿಭಾಗ, ರಿಯಾಕ್ಟರ್ ಇಂಧನದ ಕಡ್ಡಿ, ಇಂಥವನ್ನು ಪರೀಕ್ಷಿಸಲು. ನಾನು ಎಂಜಿನಿಯರಿಂಗ್ ಓದುವಾಗಲೂ ಇದು ಪಠ್ಯಪುಸ್ತಕದಲ್ಲಿ ಲೋಹ ಪರೀಕ್ಷೆಯ ಅಧ್ಯಾಯದ ಕೊನೆಯಲ್ಲಿ ಎರಡು ಪ್ಯಾರಾ ಮಾತ್ರ ಇತ್ತು, ಗಿಡದ ಸುದ್ದಿಯೇ ಇರಲಿಲ್ಲ.

ಬೇರು ನೀರು ಕುಡಿಯುವುದನ್ನು ಕಂಡವರು

ಜೀವಿಗಳ ವಿಷಯದಲ್ಲಿ ಈ ವಿಧಾನದ ಅತಿ ಒಳ್ಳೆಯ ಫಸಲು ಬಂದಿರುವುದು ಬೇರಿನ ಅಧ್ಯಯನದಲ್ಲೇ. ಮೊಹ್ಸೆನ್ ಜರೆಬನದ್ಕೂಕಿ, ಆಂಡ್ರಿಯಾ ಕಾರ್ಮಿನಾಟಿ ಮತ್ತವರ ಸಂಗಡಿಗರು ಪಾಲ್ ಶೆರರ್ ಸಂಸ್ಥೆಯ ಕಿರಣವನ್ನು ಬಳಸಿ ಮಾಡಿದ ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅಲ್ಯೂಮಿನಿಯಂನ ತೆಳು ಡಬ್ಬಿಗಳಲ್ಲಿ ಮರಳು ಮಣ್ಣು ತುಂಬಿ ಲೂಪಿನ್ ಎಂಬ ದ್ವಿದಳ ಗಿಡ ಬೆಳೆಸಿದರು. ಬೇರಿನ ಬೇರೆ ಬೇರೆ ಭಾಗಕ್ಕೆ ಭಾರಜಲ ಹನಿಸಿ, ಹಗಲೂ ರಾತ್ರಿಯೂ ಚಿತ್ರ ತೆಗೆದರು. ತಾಯಿಬೇರು ನೀರು ಸಾಗಿಸುವ ಕೊಳವೆಯಂತಿತ್ತು, ನೀರು ಹೀರುವ ಕೆಲಸದ ದೊಡ್ಡ ಪಾಲು ಪಕ್ಕದ ಬೇರುಗಳದು. ಆ ಪಕ್ಕದ ಬೇರುಗಳಲ್ಲೂ ತುದಿಗಿಂತ ತಾಯಿಬೇರಿಗೆ ಹತ್ತಿರದ ಭಾಗ ಹೆಚ್ಚು ಹೀರುತ್ತಿತ್ತು. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಊಹಿಸುತ್ತಿದ್ದುದನ್ನು ಇಲ್ಲಿ ಅಳತೆ ಮಾಡಿ ನೋಡಿದರು.

ಇನ್ನೊಂದು ಸಾಲಿನ ಪ್ರಯೋಗಗಳು ಬೇರಿನ ಸುತ್ತಲಿನ ಕೆಲವೇ ಮಿಲಿಮೀಟರ್ ಮಣ್ಣಿನ ಬಗ್ಗೆ. ಬೇರು ಒಂದು ಬಗೆಯ ಅಂಟು ಲೋಳೆ ಸ್ರವಿಸುತ್ತದೆ. ಮಣ್ಣು ಒಣಗುವಾಗ ಆ ಲೋಳೆ ನೀರು ಹಿಡಿದಿಡುವುದರಿಂದ ಬೇರಿನ ಪಕ್ಕದ ಮಣ್ಣು ದೂರದ ಮಣ್ಣಿಗಿಂತ ತೇವವಾಗಿರಬಹುದು ಅಂತ ನ್ಯೂಟ್ರಾನ್ ಚಿತ್ರಗಳು ತೋರಿಸಿದವು. ಒಮ್ಮೆ ಪೂರ್ತಿ ಒಣಗಿದ ಮೇಲೆ ಅದೇ ಲೋಳೆ ಮೊದಲ ನೀರನ್ನು ಒಲ್ಲೆ ಅನ್ನುತ್ತದೆ, ಮತ್ತೆ ನೆನೆಯಲು ಹೊತ್ತು ಬೇಕು. ಮಳೆ ಕೈಕೊಟ್ಟು ಮತ್ತೆ ಬರುವ ಕೋಲಾರದಂಥ ಜಿಲ್ಲೆಯಲ್ಲಿ ಇದು ರಾಗಿ ಹೊಲದ ವಿಷಯವೂ ಹೌದು.

ನಮಗೆ ಹೆಚ್ಚು ಹತ್ತಿರದ್ದು ಮನೋಜ್ ಮೆನನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ. ಒಂದೇ ಡಬ್ಬಿಯಲ್ಲಿ ಮಾಲಿನ್ಯ ಕಡೆ ಕಡೆ ಇರುವ ಮಣ್ಣು ತುಂಬಿ, ಬೇರು ಅಲ್ಲಿ ಹೇಗೆ ಬೆಳೆಯುತ್ತದೆ ಅನ್ನುವುದನ್ನು ಅವರು ನ್ಯೂಟ್ರಾನ್ ಚಿತ್ರದಲ್ಲಿ ಹಿಂಬಾಲಿಸಿದರು. ಗಣಿ ತ್ಯಾಜ್ಯದ ಜಾಗದಲ್ಲಿ ಗಿಡ ನೆಡುವವರು ಎದುರಿಸುವುದು ಇದನ್ನೇ: ಮಣ್ಣು ಎಲ್ಲೆಡೆ ಒಂದೇ ರೀತಿ ಕೆಟ್ಟಿರುವುದಿಲ್ಲ.

ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಮೆಕ್ಕೆಜೋಳದ ಬೇರಿನೊಳಗಿನ ನೀರಿನ ಚಲನೆಯನ್ನು ಹೀಗೆ ನೋಡಿದ್ದಾರೆ. ಗಿಡದಾಚೆಗೆ, ಲೋಹದ ಇಂಪ್ಲಾಂಟ್ ಮತ್ತು ಮೂಳೆ ಕೂಡುವ ಜಾಗ ನೋಡಲು ಯುರೋಪಿನ ತಂಡಗಳು ನ್ಯೂಟ್ರಾನ್ ಬಳಸುತ್ತವೆ, ಯಾಕೆಂದರೆ ಎಕ್ಸ್-ರೇ ಚಿತ್ರದಲ್ಲಿ ಲೋಹದ ಅಂಚು ಹೊಳೆದು ಪಕ್ಕದ ಮೂಳೆಯನ್ನೇ ಮುಚ್ಚುತ್ತದೆ. ಆಸ್ಟ್ರೇಲಿಯಾದಲ್ಲಿ ಕಲ್ಲೊಳಗೆ ಸಿಕ್ಕಿಕೊಂಡ ಪಳೆಯುಳಿಕೆಗಳನ್ನು ಒಡೆಯದೆ ನೋಡುತ್ತಾರೆ.

ಕೆಜಿಎಫ್‌ನವರು ಕೇಳಬಹುದಾದ ಎರಡು ಪ್ರಶ್ನೆ

ಗಣಿಯ ಊರಿನವರು ಮೊದಲು ಕೇಳುವುದು: "ಇದರಲ್ಲಿ ನಮ್ಮ ಅಪ್ಪನ ಎದೆ ಕಾಣತ್ತಾ?" ಸಿಲಿಕೋಸಿಸ್ ಈ ಊರಿನ ಕಾಯಿಲೆ. ಕಲ್ಲು ಕೊರೆಯುವಾಗ ಎದ್ದ ಸಿಲಿಕಾ ಧೂಳು ಪುಪ್ಪುಸದಲ್ಲಿ ಕೂತು ಗಾಯದ ಗುರುತು ಬಿಡುತ್ತದೆ. ಉತ್ತರ: ಇಲ್ಲ, ಬದುಕಿರುವ ಮನುಷ್ಯರ ಮೇಲೆ ನ್ಯೂಟ್ರಾನ್ ಚಿತ್ರಣ ಮಾಡುವುದಿಲ್ಲ. ಒಂದು, ನಮ್ಮ ದೇಹ ಬಹುಪಾಲು ನೀರು. ಒಂದೆರಡು ಸೆಂಟಿಮೀಟರಿನಲ್ಲೇ ಕಿರಣ ಸೋತುಹೋಗುತ್ತದೆ, ಆಚೆ ಕಡೆ ಚಿತ್ರ ಮೂಡುವುದೇ ಇಲ್ಲ. ಎರಡು, ಅಷ್ಟೇ ಶಕ್ತಿ ಮೈಯಲ್ಲಿ ಇಳಿದರೂ ನ್ಯೂಟ್ರಾನ್ ಮಾಡುವ ಹಾನಿ ಎಕ್ಸ್-ರೇಗಿಂತ ಎರಡೂವರೆಯಿಂದ ಇಪ್ಪತ್ತು ಪಟ್ಟು ಹೆಚ್ಚು ಅಂತ ಲೆಕ್ಕ ಹಿಡಿಯುತ್ತಾರೆ. ಸಿಲಿಕೋಸಿಸ್ ಪತ್ತೆಗೆ ಎದೆಯ ಎಕ್ಸ್-ರೇ ಮತ್ತು ಸಿಟಿ ಸ್ಕ್ಯಾನೇ ದಾರಿ. ಜೀವಿಯ ನ್ಯೂಟ್ರಾನ್ ಚಿತ್ರಣ ಅಂದರೆ ಗಿಡ, ಬೀಜ, ತೆಳುವಾಗಿ ಕತ್ತರಿಸಿದ ಅಂಗಾಂಶ, ಮೂಳೆಯ ತುಂಡು, ಅಷ್ಟೇ.

ಎರಡನೆಯದು: "ದಿಬ್ಬದಲ್ಲಿರೋ ಚಿನ್ನ ಕಾಣತ್ತಾ?" ಇದಕ್ಕೂ ಉತ್ತರ ಇಲ್ಲ. ಟನ್ನಿಗೆ ಒಂದು ಗ್ರಾಂ ಚಿನ್ನ ಇದೆ ಅಂದುಕೊಂಡರೂ ಅದು ಹತ್ತು ಲಕ್ಷದಲ್ಲಿ ಒಂದು ಪಾಲು. ಚಿತ್ರದಲ್ಲಿ ಅದರ ನೆರಳೂ ಬೀಳದು. ಆದರೆ ನ್ಯೂಟ್ರಾನ್‌ಗೆ ಇನ್ನೊಂದು ಕಸುಬು ಗೊತ್ತು. ಮಾದರಿಯನ್ನು ರಿಯಾಕ್ಟರಿನಲ್ಲಿ ಸ್ವಲ್ಪ ಹೊತ್ತಿಟ್ಟು ತೆಗೆದರೆ, ನ್ಯೂಟ್ರಾನ್ ನುಂಗಿದ ಪರಮಾಣುಗಳು ವಿಕಿರಣಶೀಲವಾಗಿ ತಮ್ಮದೇ ಗುರುತಿನ ಗಾಮಾ ಕಿರಣ ಬಿಡುತ್ತವೆ. ಚಿನ್ನದ ಆ ರೂಪದ ಅರ್ಧಾಯುಷ್ಯ 2.7 ದಿನ, ಆರ್ಸೆನಿಕ್‌ನದು ಸುಮಾರು 26 ಗಂಟೆ. ಕಿರಣ ಎಣಿಸಿದರೆ ಎಷ್ಟಿದೆ ಅನ್ನುವುದು ಸಿಗುತ್ತದೆ. ಇದಕ್ಕೆ ನ್ಯೂಟ್ರಾನ್ ಆಕ್ಟಿವೇಶನ್ ವಿಶ್ಲೇಷಣೆ ಅನ್ನುತ್ತಾರೆ. ಚಿತ್ರ ತೆಗೆದ ಗಿಡದ ಎಲೆ, ಬೇರನ್ನೇ ಆಮೇಲೆ ಹೀಗೆ ಪರೀಕ್ಷಿಸಿ ಅದರೊಳಗೆ ಆರ್ಸೆನಿಕ್ ಎಷ್ಟು ಹೋಗಿದೆ ಅಂತ ತಿಳಿಯಬಹುದು. ಒಂದು ನೀರಿನ ದಾರಿ ತೋರಿಸುತ್ತದೆ, ಇನ್ನೊಂದು ವಿಷದ ಲೆಕ್ಕ ಕೊಡುತ್ತದೆ.

ದಿಬ್ಬ ಅಂದರೆ ಏನು?

ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಬಿಜಿಎಂಎಲ್ ಗಣಿ ಮುಚ್ಚುವ ತನಕ ಇಲ್ಲಿಂದ ಹೊರಬಂದ ಚಿನ್ನ 800 ಟನ್‌ಗೂ ಹೆಚ್ಚು. ಆ ಚಿನ್ನಕ್ಕಾಗಿ ಅರೆದ ಕಲ್ಲು ಎಲ್ಲಿಗೆ ಹೋಯಿತು? ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿ ಕಿಟಕಿಯಿಂದಾಚೆ ನೋಡಿದರೆ ಉತ್ತರ ಕಾಣುತ್ತದೆ. 13 ದಿಬ್ಬ, ಸುಮಾರು 3.3 ಕೋಟಿ ಟನ್ ಪುಡಿ.

ಸೈನೈಡ್ ದಿಬ್ಬ ಅನ್ನುವ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಚಿನ್ನ ಕರಗಿಸಲು ಬಳಸಿದ ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಒಡೆಯುತ್ತದೆ. ಉಳಿಯುವುದು ಬೇರೆ ತೊಂದರೆಗಳು. ಪುಡಿ ಹಿಟ್ಟಿನಷ್ಟು ನುಣುಪು, ಅದರಲ್ಲಿ ಸಿಲಿಕಾ ಹೆಚ್ಚು. ಕೋಲಾರದ ಅದಿರಿನ ಕೆಲವು ಪದರಗಳಲ್ಲಿ ಆರ್ಸೆನಿಕ್ ಇರುವ ಸಲ್ಫೈಡ್ ಖನಿಜಗಳಿವೆ, ಸಲ್ಫೈಡ್‌ಗಳು ಗಾಳಿ ನೀರಿಗೆ ಸಿಕ್ಕಿದರೆ ಆಮ್ಲ ಆಗುತ್ತವೆ. ಸಾವಯವ ಅಂಶ ಇಲ್ಲ, ಸಾರಜನಕ ಇಲ್ಲ. ಮಳೆ ಬಿದ್ದರೆ ಮೇಲೆ ಹೆಪ್ಪುಗಟ್ಟಿ ನೀರು ಹರಿದುಹೋಗುತ್ತದೆ.

ಇಂಥ ಜಾಗದಲ್ಲಿ ಗಿಡ ಸತ್ತರೆ ಕಾರಣ ಯಾವುದು? ನೀರು ಇಳಿಯದೆ ಸತ್ತಿತೋ, ನೀರಿದ್ದೂ ಬೇರು ಕುಡಿಯಲಾಗದೆ ಸತ್ತಿತೋ, ಗಟ್ಟಿ ಪದರಕ್ಕೆ ತಾಗಿ ಬೇರು ತಿರುಗಿತೋ, ಆಮ್ಲಕ್ಕೆ ಬೇರಿನ ತುದಿ ಸುಟ್ಟಿತೋ? ಮೇಲಿನಿಂದ ನೋಡಿದರೆ ನಾಲ್ಕಕ್ಕೂ ಒಂದೇ ಲಕ್ಷಣ, ಒಣಗಿದ ಗಿಡ. ಆದರೆ ನಾಲ್ಕಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಉಳುಮೆ ಮತ್ತು ಮುಚ್ಚಿಗೆ, ಕೊನೆಯದಕ್ಕೆ ಸುಣ್ಣ. ತಪ್ಪು ಮದ್ದಿಗೆ ಖರ್ಚಾಗುವುದು ಸರ್ಕಾರದ ದುಡ್ಡು, ಕಳೆಯುವುದು ಊರಿನ ವರ್ಷಗಳು.

2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಈ 13 ದಿಬ್ಬಗಳಿರುವ ಸುಮಾರು 1,003 ಎಕರೆಯಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಆಗಲಿ. ಆದರೆ 3.3 ಕೋಟಿ ಟನ್ ಪುಡಿಯಿಂದ ಗ್ರಾಂ ಲೆಕ್ಕದಲ್ಲಿ ಚಿನ್ನ ಆಯ್ದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಅದೇ 3.3 ಕೋಟಿ ಟನ್. ಅದನ್ನು ಎಲ್ಲಿ ಸುರಿದರೂ ಅದರ ಮೇಲೆ ಏನಾದರೂ ಬೆಳೆಯಲೇಬೇಕು. ಕೆಲಸ ಶುರುವಾಗುವ ಮೊದಲೇ ಬೇರಿನ ಪ್ರಶ್ನೆ ಕೇಳಬೇಕು ಅನ್ನುವುದು ನನ್ನ ವಾದ.

ಪ್ರಯೋಗ ಹೇಗಿರಬಹುದು?

ಇದು ನನ್ನ ಪ್ರಸ್ತಾವ, ಆಗಿಹೋದ ಸಂಶೋಧನೆಯ ವರದಿ ಅಲ್ಲ. ಅಲ್ಯೂಮಿನಿಯಂನ ತೆಳು ಡಬ್ಬಿಗಳು, ಒಳಗಿನ ದಪ್ಪ 1 ಸೆಂ.ಮೀ. ಒಂದರಲ್ಲಿ ಬಂಗಾರಪೇಟೆಯ ರಾಗಿ ಹೊಲದ ಕೆಂಪು ಮಣ್ಣು. ಇನ್ನೊಂದರಲ್ಲಿ ದಿಬ್ಬದ ಪುಡಿ. ಮೂರನೆಯದರಲ್ಲಿ ಪುಡಿಗೆ ಗೊಬ್ಬರ ಬೆರೆಸಿದ್ದು, ನಾಲ್ಕನೆಯದರಲ್ಲಿ ಸುಣ್ಣ ಬೆರೆಸಿದ್ದು. ನಾಲ್ಕರಲ್ಲೂ ಒಂದೇ ಬೀಜ, ಎರಡು ಮೂರು ವಾರದ ಸಸಿ.

1 ಸೆಂ.ಮೀ. ಯಾಕೆ? ಲೆಕ್ಕ ಸರಳ. ಮಣ್ಣಿನಲ್ಲಿ ಗಾತ್ರದ ಶೇ. 10ರಷ್ಟು ತೇವ ಇದ್ದರೆ ಕಿರಣದ ದಾರಿಯಲ್ಲಿ 1 ಮಿ.ಮೀ. ನೀರು ಇದ್ದ ಹಾಗೆ. ಅದು ಸುಮಾರು ಶೇ. 30ರಷ್ಟು ಕಿರಣ ಕಸಿಯುತ್ತದೆ, ಖನಿಜ ಕಣಗಳು ಇನ್ನೊಂದಿಷ್ಟು. ಅದರ ನಡುವೆ 1 ಮಿ.ಮೀ. ದಪ್ಪದ ಬೇರು ಇದ್ದರೆ ಅಲ್ಲಿ ಉಳಿದ ಕಿರಣದಲ್ಲಿ ಇನ್ನೂ ಕಾಲುಭಾಗ ಕಡಿಮೆ. ವ್ಯತ್ಯಾಸ ಸಲೀಸಾಗಿ ಕಾಣುತ್ತದೆ. ಅದೇ ಡಬ್ಬಿ 2 ಸೆಂ.ಮೀ. ಇದ್ದು ತೇವ ಶೇ. 30 ಆದರೆ ನೀರೇ 6 ಮಿ.ಮೀ. ಆಗುತ್ತದೆ. ಕಿರಣ ಎಂಟನೇ ಒಂದು ಪಾಲಿಗೆ ಇಳಿದು ಬೇರು ಕತ್ತಲಲ್ಲಿ ಮುಳುಗುತ್ತದೆ. ಮಣ್ಣು ಒಣಗಿದಷ್ಟೂ ಚೆನ್ನಾಗಿ ಕಾಣುವ ವಿಧಾನ ಇದು, ಬರಗಾಲದ ಪ್ರಶ್ನೆಗೆ ಹೇಳಿ ಮಾಡಿಸಿದ್ದು.

"ಇದಕ್ಕೆ ಎಂಆರ್‌ಐ ಸಾಲದಾ?" ಅನ್ನಬಹುದು. ಎಂಆರ್‌ಐ ಕೂಡ ನೀರನ್ನೇ ನೋಡುತ್ತದೆ ನಿಜ, ಆದರೆ ಕಬ್ಬಿಣ ಇರುವ ಮಣ್ಣಿನಲ್ಲಿ ಅದರ ಚಿತ್ರ ಕೆಡುತ್ತದೆ. ನಮ್ಮ ಕೆಂಪು ಮಣ್ಣು ಕೆಂಪಾಗಿರುವುದೇ ಕಬ್ಬಿಣದಿಂದ. ಎಕ್ಸ್-ರೇ ಸಿಟಿ ಮಣ್ಣಿನ ಕಣ, ಬಿರುಕುಗಳನ್ನು ಚೆನ್ನಾಗಿ ತೋರಿಸುತ್ತದೆ, ಬೇರಿನೊಳಗಿನ ನೀರಿನ ಓಟವನ್ನಲ್ಲ. ಎರಡನ್ನೂ ಜೊತೆಗಿಟ್ಟರೆ ಇನ್ನೂ ಒಳ್ಳೆಯದು.

ಯಂತ್ರ ನಮ್ಮಲ್ಲೇ ಇದೆ

ಭಾರತದ ಮೊದಲ ರಿಯಾಕ್ಟರ್ ಅಪ್ಸರಾ ಟ್ರಾಂಬೆಯಲ್ಲಿ 1956ರ ಆಗಸ್ಟ್‌ನಲ್ಲಿ ಚಾಲೂ ಆಯಿತು. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ ಅದನ್ನು ಕಟ್ಟಿದ ತಂಡದಲ್ಲಿದ್ದರು. 1985ರಲ್ಲಿ ಅಲ್ಲೇ 100 ಮೆಗಾವ್ಯಾಟಿನ ಧ್ರುವ ರಿಯಾಕ್ಟರ್ ಬಂತು. ಧ್ರುವದಲ್ಲಿ ಈಗ ನ್ಯೂಟ್ರಾನ್ ಚಿತ್ರಣಕ್ಕೆಂದೇ ಒಂದು ಕಿರಣಮಾರ್ಗ ಇದೆ.

ನಮಗೆ ಹತ್ತಿರದ್ದು ಕಲ್ಪಾಕ್ಕಂನ ಕಾಮಿನಿ. 1996ರ ಅಕ್ಟೋಬರ್‌ನಲ್ಲಿ ಶುರುವಾದ ಈ ಪುಟ್ಟ ರಿಯಾಕ್ಟರಿನ ಶಕ್ತಿ ಬರೀ 30 ಕಿಲೋವ್ಯಾಟ್. ಥೋರಿಯಂನಿಂದ ತಯಾರಿಸಿದ ಯುರೇನಿಯಂ-233 ಇದರ ಇಂಧನ. ಇದನ್ನು ಕಟ್ಟಿದ ಮುಖ್ಯ ಉದ್ದೇಶಗಳಲ್ಲೇ ನ್ಯೂಟ್ರಾನ್ ರೇಡಿಯೋಗ್ರಫಿ ಒಂದು. ಇಸ್ರೋ ರಾಕೆಟ್ಟಿನಲ್ಲಿ ಬಳಸುವ ಸ್ಫೋಟಕ ತುಂಬಿದ ಪುಟ್ಟ ಭಾಗಗಳನ್ನು, ಲೋಹದ ಕವಚದೊಳಗೆ ಸ್ಫೋಟಕ ಸರಿಯಾಗಿ ಕೂತಿದೆಯೇ ಅಂತ, ಇಲ್ಲಿ ಪರೀಕ್ಷಿಸುತ್ತಾ ಬಂದಿದ್ದಾರೆ. ಸ್ಫೋಟಕದಲ್ಲೂ ಹೈಡ್ರೋಜನ್ ಇದೆ, ಬೇರಿನಲ್ಲೂ ಇದೆ. ಕ್ಯಾಮೆರಾಗೆ ಭೇದವಿಲ್ಲ. ಇನ್ನು ಭಾರಜಲ, ಜಗತ್ತಿನ ದೊಡ್ಡ ಉತ್ಪಾದಕರಲ್ಲಿ ನಾವೂ ಒಬ್ಬರು.

ಬಾಗಿಲು ಮುಚ್ಚಿಲ್ಲ. ವಿಶ್ವವಿದ್ಯಾಲಯದವರು ಪರಮಾಣು ಇಲಾಖೆಯ ಯಂತ್ರಗಳನ್ನು ಬಳಸಲೆಂದೇ ಯುಜಿಸಿ-ಡಿಎಇ ಒಕ್ಕೂಟ ಇದೆ. ಅದರ ಮುಂಬೈ ಕೇಂದ್ರ ಧ್ರುವದ ಕಿರಣಗಳಿಗೆ ದಾರಿ, ಕಲ್ಪಾಕ್ಕಂನಲ್ಲೂ ಒಂದು ಘಟಕ ಇದೆ. ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜು ಇದೆ, ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದೆ, ಒಂದೂವರೆ ಗಂಟೆ ದೂರದಲ್ಲಿ ಜಿಕೆವಿಕೆ ಇದೆ. ಬೇರು ಗೊತ್ತಿರುವವರು ಇಲ್ಲಿ, ಕಿರಣ ಗೊತ್ತಿರುವವರು ಅಲ್ಲಿ. ಇಬ್ಬರನ್ನೂ ಕೂಡಿಸಲು ಬೇಕಾಗಿರುವುದು ಒಂದು ಅರ್ಜಿ, ಒಂದಿಷ್ಟು ಪ್ರಯಾಣದ ಖರ್ಚು, ನಾಲ್ಕು ಡಬ್ಬಿ ಮಣ್ಣು.

ತೊಡಕುಗಳೂ ಇವೆ. ಗಿಡವನ್ನು ಬಸ್ಸಿನಲ್ಲಿ ಹೊತ್ತು ಹೋಗಲಾಗದು, ರಿಯಾಕ್ಟರಿನ ಪಕ್ಕದಲ್ಲೇ ಬೆಳೆಸಬೇಕು, ಅದಕ್ಕೆ ಬೆಳಕು ಉಷ್ಣತೆ ಹಿಡಿತದಲ್ಲಿರುವ ಕೋಣೆ ಬೇಕು. ಕಾಮಿನಿಯಂಥ ಸಣ್ಣ ರಿಯಾಕ್ಟರಿನಲ್ಲಿ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಬೇಕು, ವೇಗದ ಚಲನೆ ನೋಡಲು ಧ್ರುವವೇ ಬೇಕಾಗಬಹುದು. ಡಬ್ಬಿಯ ಸಸಿಗೂ ದಿಬ್ಬದ ಮರಕ್ಕೂ ಅಂತರ ಇದೆ, ಹಾಗಾಗಿ ದಿಬ್ಬದ ಮೇಲೆ ನಿಜವಾದ ತಾಕುಗಳಲ್ಲಿ ಗಿಡ ನೆಟ್ಟು ಹೋಲಿಸಬೇಕು. ಇವೆಲ್ಲ ಕೆಲಸದ ಮಾತು, ಬಗೆಹರಿಯುವಂಥವು.

ದಿಬ್ಬಗಳಿಗೆ ಮುಂದೆ ಯಾವ ಕಂಪನಿ ಬರಲಿ, ಟೆಂಡರಿನ ಷರತ್ತಿನಲ್ಲಿ ಒಂದು ಸಾಲು ಇರಬೇಕು: ಉಳಿಕೆ ಪುಡಿಯ ಮೇಲೆ ಯಾವ ಗಿಡ, ಯಾವ ತಿದ್ದುಪಡಿಯೊಂದಿಗೆ, ಬೇರು ಬಿಟ್ಟು ನಿಲ್ಲುತ್ತದೆ ಅನ್ನುವುದನ್ನು ಕೆಲಸಕ್ಕೆ ಮೊದಲೇ ಪರೀಕ್ಷಿಸಿ ವರದಿಯನ್ನು ಸಾರ್ವಜನಿಕವಾಗಿ, ಕನ್ನಡದಲ್ಲೂ ತಮಿಳಿನಲ್ಲೂ ಪ್ರಕಟಿಸಬೇಕು. ಕೋಲಾರದ ಶಾಸಕರು, ಸಂಸದರು ಕೇಳಬಹುದಾದ ಸಾಲು ಇದು. ಊರಿನವರೂ ಕೇಳಬಹುದು. ಚಾಂಪಿಯನ್ ರೀಫ್‌ನ ಆಳ ಒಂದು ಕಾಲಕ್ಕೆ ಜಗತ್ತಿನ ಭೌತಶಾಸ್ತ್ರಕ್ಕೆ ಬೇಕಾದ ಕತ್ತಲನ್ನು ಕೊಟ್ಟಿತು. ಅದೇ ಊರಿನ ಮೇಲ್ಮೈಗೆ ಇವತ್ತು ಬೇಕಾಗಿರುವುದು ನಾಲ್ಕು ಡಬ್ಬಿಯಷ್ಟು ಗಮನ.